ಬಿಸಿಲುನಾಡಿನ ಮನೆಗೆ ಸೆಂಟ್ರಲ್ ಎಸಿ: ಅದು ಕೆಲಸ ಮಾಡುವ ಬಗೆ, ಹಾಕಿಸುವ ಕ್ರಮ, ನೋಡಿಕೊಳ್ಳುವ ರೀತಿ

ಕಲಬುರಗಿಯ ಬೇಸಿಗೆಯನ್ನು ಇಲ್ಲಿನವರಿಗೆ ಯಾರೂ ವರ್ಣಿಸಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಸಾಮಾನ್ಯವಾಗಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಉಷ್ಣಾಂಶ 42 ಡಿಗ್ರಿ ಮುಟ್ಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ಕಿಟಕಿಗೆ ಕೂಲರ್ ಇಟ್ಟು ಬೇಸಿಗೆ ದಾಟಿದ ಮನೆಗಳು ಕೋಣೆಗೊಂದು ಸ್ಪ್ಲಿಟ್ ಎಸಿ ಹಾಕಿಸಿಕೊಂಡವು. ಈಗ ಹೊಸದಾಗಿ ಕಟ್ಟಿಸುವವರು ಫಾಲ್ಸ್ ಸೀಲಿಂಗ್ ಒಳಗೆ ಡಕ್ಟ್ (ಗಾಳಿ ಸಾಗಿಸುವ ದೊಡ್ಡ ಕೊಳವೆ) ಎಳೆದು, ಇಡೀ ಮನೆಯನ್ನು ಒಂದೇ ಯಂತ್ರದಿಂದ ತಂಪು ಮಾಡುವ ಸೆಂಟ್ರಲ್ ಎಸಿಯ ಬಗ್ಗೆ ವಿಚಾರಿಸುತ್ತಿದ್ದಾರೆ.

ವಿಚಾರಿಸುವಾಗ ಎಲ್ಲರೂ ಕೇಳುವುದು ಎರಡೇ: ಎಷ್ಟು ಟನ್, ಯಾವ ಕಂಪನಿ. ಹಾಕಿಸಿದ ಮೇಲೆ ಬರುವ ದೂರು ಬೇರೆಯೇ: ಪಡಸಾಲೆ ತಣ್ಣಗಿರುತ್ತದೆ, ಒಳಕೋಣೆ ಬೇಯುತ್ತದೆ. ಆಗ ಇನ್ನೂ ದೊಡ್ಡ ಯಂತ್ರ ಬೇಕಿತ್ತು ಎಂದು ಎಲ್ಲರೂ ತೀರ್ಮಾನಿಸಿಬಿಡುತ್ತಾರೆ. ಬಹುಪಾಲು ಮನೆಗಳಲ್ಲಿ ಯಂತ್ರದ ತಪ್ಪೇನೂ ಇರುವುದಿಲ್ಲ. ತಣ್ಣನೆಯ ಗಾಳಿ ಕೋಣೆಗೆ ಹೋಗಲು ದಾರಿ ಮಾಡಿದವರು, ಕೋಣೆಯ ಬಿಸಿ ಗಾಳಿ ಯಂತ್ರಕ್ಕೆ ಹಿಂದಿರುಗಲು ದಾರಿ ಬಿಟ್ಟಿರುವುದಿಲ್ಲ. ಈ ಬರಹದಲ್ಲಿ ನಾನು ಹೆಚ್ಚು ಒತ್ತು ಕೊಡುವುದು ಆ ದಾರಿಗೇ.

ಹಂತ 1: ಶಾಖ ಹೋಗುವ ದಾರಿಯನ್ನು ತಿಳಿದುಕೊಳ್ಳಿ

ಎಸಿ ತಂಪನ್ನು ತಯಾರಿಸುವುದಿಲ್ಲ. ಮನೆಯೊಳಗಿನ ಶಾಖವನ್ನು ಎತ್ತಿ ಮನೆಯ ಹೊರಗೆ ಚೆಲ್ಲುತ್ತದೆ. ಈ ಒಂದು ಮಾತು ತಲೆಯಲ್ಲಿ ಗಟ್ಟಿಯಾಗಿ ಕೂತರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಮಣ್ಣಿನ ಗಡಿಗೆಯ ಹೊರಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ, ಉಳಿದ ನೀರು ತಣ್ಣಗಾಗುತ್ತದೆ. ದ್ರವವು ಆವಿಯಾಗಲು ಶಾಖ ಬೇಕು, ಆವಿ ಮತ್ತೆ ದ್ರವವಾಗುವಾಗ ಅದೇ ಶಾಖವನ್ನು ಬಿಟ್ಟುಕೊಡುತ್ತದೆ. ಎಸಿಯಲ್ಲಿ ನೀರಿನ ಬದಲು ಬಹಳ ಕಡಿಮೆ ಉಷ್ಣಾಂಶದಲ್ಲಿ ಕುದಿಯುವ ಶೀತಕ ಇರುತ್ತದೆ. ಇದನ್ನೇ ಎಲ್ಲರೂ ಗ್ಯಾಸ್ ಎನ್ನುತ್ತಾರೆ. ಇಂದು ಹೆಚ್ಚು ಬಳಕೆಯಲ್ಲಿರುವ ಆರ್-32 ಸಾಮಾನ್ಯ ವಾಯುಒತ್ತಡದಲ್ಲಿ ಸೊನ್ನೆಗಿಂತ 50 ಡಿಗ್ರಿ ಕೆಳಗೂ ಕುದಿಯುತ್ತಲೇ ಇರುತ್ತದೆ. ಒತ್ತಡ ಹೆಚ್ಚಿಸಿದರೆ ಕುದಿಯುವ ಉಷ್ಣಾಂಶ ಏರುತ್ತದೆ, ತಗ್ಗಿಸಿದರೆ ಇಳಿಯುತ್ತದೆ. ಎಸಿಯ ಇಡೀ ಕೆಲಸ ಈ ಒತ್ತಡದ ಏರಿಳಿತದ ಮೇಲೆ ನಿಂತಿದೆ.

ಶಾಖದ ಹಿಂದೆಯೇ ಒಂದು ಸುತ್ತು ಹೋಗೋಣ. ಪಡಸಾಲೆಯ 27 ಡಿಗ್ರಿಯ ಗಾಳಿಯನ್ನು ಬ್ಲೋವರ್ ಫ್ಯಾನ್ ರಿಟರ್ನ್ ಗ್ರಿಲ್‌ನಿಂದ (ಕೋಣೆಯ ಗಾಳಿ ಯಂತ್ರಕ್ಕೆ ಹಿಂದಿರುಗುವ ಜಾಲರಿ) ಎಳೆದುಕೊಂಡು, ಫಿಲ್ಟರ್ ದಾಟಿಸಿ, ಸೀಲಿಂಗ್ ಮೇಲಿರುವ ಇಂಡೋರ್ ಯಂತ್ರದ ಕಾಯಿಲ್ ಮೂಲಕ ಹಾಯಿಸುತ್ತದೆ. ಆ ತಾಮ್ರದ ಕೊಳವೆಗಳಲ್ಲಿ ಶೀತಕವು ಸುಮಾರು 9–10 ಬಾರ್ ಒತ್ತಡದಲ್ಲಿ, 5ರಿಂದ 7 ಡಿಗ್ರಿಯಲ್ಲಿ ಕುದಿಯುತ್ತಿರುತ್ತದೆ. ಗಾಳಿಯ ಶಾಖ ಅದರೊಳಗೆ ಇಳಿಯುತ್ತದೆ. ತಣ್ಣಗಾದ ಗಾಳಿ 16–17 ಡಿಗ್ರಿಯಲ್ಲಿ ಡಕ್ಟ್ ಹಿಡಿದು ಕೋಣೆಗಳಿಗೆ ಹೋಗುತ್ತದೆ.

ಶಾಖ ಹೊತ್ತ ಆವಿ ದಪ್ಪ ತಾಮ್ರದ ಪೈಪಿನಲ್ಲಿ ಮಾಳಿಗೆಯ ಮೇಲಿನ ಔಟ್‌ಡೋರ್ ಯಂತ್ರಕ್ಕೆ ಬರುತ್ತದೆ. ಅಲ್ಲಿ ಕಂಪ್ರೆಸರ್ ಅದನ್ನು ಒತ್ತಿ ಒತ್ತಡ ಏರಿಸುತ್ತದೆ, ಜೊತೆಗೆ ಉಷ್ಣಾಂಶವೂ ಏರುತ್ತದೆ. ಹೊರಗೆ 42 ಡಿಗ್ರಿ ಬಿಸಿಲಿರುವಾಗ ಶಾಖವನ್ನು ಹೊರಗಿನ ಗಾಳಿಗೆ ದಾಟಿಸಬೇಕಾದರೆ ಶೀತಕ ಅದಕ್ಕಿಂತ ಬಿಸಿಯಾಗಿರಲೇಬೇಕು. ಹಾಗಾಗಿ ಔಟ್‌ಡೋರ್ ಯಂತ್ರದ ಕಾಯಿಲ್‌ನಲ್ಲಿ ಶಾಖ ಬಿಟ್ಟುಕೊಟ್ಟು, ಸುಮಾರು 55 ಡಿಗ್ರಿಯಲ್ಲಿ, 34–35 ಬಾರ್ ಒತ್ತಡದಲ್ಲಿ ಅದು ದ್ರವವಾಗುತ್ತದೆ. ಅಲ್ಲಿಂದ ಹೊರಟ ದ್ರವ ಕಿರಿದಾದ ಎಕ್ಸ್‌ಪ್ಯಾನ್ಷನ್ ವಾಲ್ವ್ ದಾಟಿದ ಕೂಡಲೇ ಒತ್ತಡ ಕಳೆದುಕೊಂಡು ಮತ್ತೆ ತಣ್ಣಗಾಗಿ ಇಂಡೋರ್ ಕಾಯಿಲ್ ಸೇರುತ್ತದೆ.

ಕಲಬುರಗಿಗೆ ವಿಶೇಷವಾದ ವಿಷಯ ಇಲ್ಲಿದೆ. ಒಳಗೆ 7, ಹೊರಗೆ 55: ಈ ಎರಡರ ನಡುವಿನ ಅಂತರ ಹಿಗ್ಗಿದಷ್ಟೂ ಕಂಪ್ರೆಸರ್ ಹೆಚ್ಚು ದುಡಿಯಬೇಕು, ಹೆಚ್ಚು ವಿದ್ಯುತ್ ತಿನ್ನುತ್ತದೆ, ಆದರೂ ಕಡಿಮೆ ಶಾಖ ಎತ್ತುತ್ತದೆ. ಕ್ಯಾಟಲಾಗ್‌ನಲ್ಲಿ ಬರೆದ ಟನ್ ಲೆಕ್ಕ ಹೊರಗೆ 35 ಡಿಗ್ರಿ ಇರುವಾಗಿನದು. ಬೀದರ್ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ಈ ಹೊರೆ ಕೊಂಚ ಹಗುರ. ಕಲಬುರಗಿ, ಯಾದಗಿರಿಯವರು ಮಾತ್ರ ಹೊರಗೆ 46 ಡಿಗ್ರಿ ಇರುವಾಗ ಯಂತ್ರ ಎಷ್ಟು ಕೆಲಸ ಮಾಡುತ್ತದೆ ಎಂಬ ಪಟ್ಟಿಯನ್ನು ಮಾರುವವರಿಂದ ಕೇಳಿ ಪಡೆಯಬೇಕು. ತಯಾರಕರ ಬಳಿ ಆ ಪಟ್ಟಿ ಇರುತ್ತದೆ. ಕೊಡಲು ಒಲ್ಲೆನೆನ್ನುವ ಅಂಗಡಿಯಲ್ಲಿ ಇಷ್ಟು ದೊಡ್ಡ ಖರೀದಿ ಬೇಡ.

ಹಂತ 2: ತೇವದ ಲೆಕ್ಕ ಮರೆಯಬೇಡಿ

ಕಾಯಿಲ್ ಮೇಲೆ ಗಾಳಿ ತಣ್ಣಗಾಗುವಾಗ ಅದರೊಳಗಿನ ನೀರಾವಿ ಹನಿಯಾಗಿ ಟ್ರೇಗೆ ಇಳಿಯುತ್ತದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ಮೊದಲ ಆಧುನಿಕ ಎಸಿ ವ್ಯವಸ್ಥೆ ರೂಪಿಸಿದ್ದೂ ಗಾಳಿಯ ತೇವ ಹತೋಟಿಗೆ ತರಲೆಂದೇ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಜಾಗ ತಪ್ಪುತ್ತಿದ್ದವು.

ನಮ್ಮಲ್ಲಿ ಮಾರ್ಚ್‌ನಿಂದ ಮೇವರೆಗೆ ಗಾಳಿ ಒಣಗಿರುತ್ತದೆ. ಕೂಲರ್ ಆಗ ಚೆನ್ನಾಗಿ ನಡೆಯುವುದು ಇದೇ ಕಾರಣಕ್ಕೆ. ಜೂನ್ ಕಳೆದು ಮಳೆ ಹಿಡಿದ ಮೇಲೆ ಅದೇ ಕೂಲರ್ ಮೈಗೆ ಅಂಟು ಹತ್ತಿಸುತ್ತದೆ. ಎಸಿ ಎರಡೂ ಕಾಲಕ್ಕೆ ನಡೆಯುತ್ತದೆ, ಆದರೆ ಲಕ್ಷಣ ಬೇರೆ ಬೇರೆ. ಏಪ್ರಿಲ್‌ನಲ್ಲಿ ಡ್ರೈನ್ ಪೈಪಿನಿಂದ ನೀರು ತೊಟ್ಟಿಕ್ಕದಿದ್ದರೆ ಗಾಬರಿಯಾಗಬೇಡಿ. ಒಣ ಗಾಳಿಯಲ್ಲಿ ಹನಿಯಾಗಲು ನೀರೇ ಇಲ್ಲ. ಆಗಸ್ಟ್‌ನಲ್ಲಿ ಅದೇ ಪೈಪಿನಿಂದ ಬಕೆಟ್ ತುಂಬುತ್ತದೆ. ಹಾಗೆಯೇ ಯಂತ್ರದೊಳಗೆ ಹೋಗುವ ಮತ್ತು ಅದರಿಂದ ಹೊರಗೆ ಬರುವ ಗಾಳಿಯ ಉಷ್ಣಾಂಶದ ವ್ಯತ್ಯಾಸ ಸಾಮಾನ್ಯವಾಗಿ 8ರಿಂದ 11 ಡಿಗ್ರಿ. ಬೇಸಿಗೆಯಲ್ಲಿ ಅದು ಮೇಲಿನ ತುದಿಗೆ ಅಥವಾ ಸ್ವಲ್ಪ ಆಚೆಗೆ, ಮಳೆಗಾಲದಲ್ಲಿ ಕೆಳಗಿನ ತುದಿಗೆ ಸರಿಯುತ್ತದೆ. ಯಂತ್ರದ ಶಕ್ತಿಯ ಒಂದು ಪಾಲು ಆಗ ತೇವ ತೆಗೆಯಲು ಖರ್ಚಾಗುತ್ತಿರುತ್ತದೆ. ಇದು ತಿಳಿಯದೆ ಆಗಸ್ಟ್‌ನಲ್ಲಿ ಗ್ಯಾಸ್ ತುಂಬಿಸಿ ದುಡ್ಡು ಕಳೆದುಕೊಂಡವರು ಬಹಳ ಮಂದಿ.

ಎಸಿ ನಡೆಯುವ ಮನೆಯಲ್ಲಿ ಕೂಲರನ್ನೂ ಹಚ್ಚಬೇಡಿ. ಒಂದು ಗಾಳಿಗೆ ನೀರು ತುಂಬುತ್ತದೆ, ಇನ್ನೊಂದು ಅದೇ ನೀರನ್ನು ತೆಗೆಯಲು ಕರೆಂಟ್ ಸುಡುತ್ತದೆ.

ಹಂತ 3: ಯಂತ್ರದ ಮೊದಲು ಮಾಳಿಗೆ

ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖ ಎತ್ತುವ ಶಕ್ತಿ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖದಿಂದ ಬಂದ ಅಳತೆ ಇದು. ಯಂತ್ರದ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಂದಾಜಿನ ಲೆಕ್ಕ ಹೀಗೆ. ಮೇಲೆ ಇನ್ನೊಂದು ಮಹಡಿ ಇರುವ ಕೋಣೆಗೆ 150 ಚದರ ಅಡಿಗೆ ಒಂದು ಟನ್, ನೇರವಾಗಿ ಬಿಸಿಲಿಗೆ ಒಡ್ಡಿದ ಮಾಳಿಗೆಯ ಕೆಳಗಿನ ಕೋಣೆಗೆ 100 ಚದರ ಅಡಿಗೆ ಒಂದು ಟನ್. 15 ಅಡಿಗೆ 20 ಅಡಿಯ ಪಡಸಾಲೆ 300 ಚದರ ಅಡಿ. ಮೇಲೆ ಮಹಡಿ ಇದ್ದರೆ 2 ಟನ್, ಬರಿಯ ಸ್ಲ್ಯಾಬ್ ಇದ್ದರೆ 3 ಟನ್. ಆ ಹೆಚ್ಚುವರಿ ಒಂದು ಟನ್ ಪೂರ್ತಿಯಾಗಿ ಮಾಳಿಗೆಯ ಬಿಸಿಲಿಗೆ ನೀವು ಪ್ರತಿ ತಿಂಗಳು ಕಟ್ಟುವ ಕಂದಾಯ. ಹಾಗಾಗಿ ಮೊದಲ ಖರ್ಚು ಮಾಳಿಗೆಗೆ ಆಗಲಿ: ಬಿಳಿ ಹೆಂಚಿನ ಚೂರು ಕೂರಿಸಿ, ಇಲ್ಲವೇ ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಲೇಪ ಹಚ್ಚಿಸಿ, ಸಾಧ್ಯವಿದ್ದರೆ ಸ್ಲ್ಯಾಬ್ ಮೇಲೆ ನಿರೋಧಕ ಹಲಗೆ ಹಾಸಿ. ಕಾಂಕ್ರೀಟ್ ಸ್ಲ್ಯಾಬ್ ಮಧ್ಯಾಹ್ನ ಕುಡಿದ ಶಾಖ ಒಳಮೈ ತಲುಪುವುದು ಕೆಲವು ಗಂಟೆ ತಡವಾಗಿ. ಸೂರ್ಯ ಮುಳುಗಿದ ಮೇಲೂ ಕೋಣೆ ಕುದಿಯುವುದು ಇದರಿಂದ. ಗೋಡೆಗೂ ಮಾಳಿಗೆಗೂ ಶಹಾಬಾದ್ ಕಲ್ಲು ಬಳಸಿದ ಹಳೆಯ ಮನೆಗಳಲ್ಲಿ ದಪ್ಪ ಕಲ್ಲುಗೋಡೆ ಹಗಲು ತಂಪು ಕಾಯುತ್ತದೆ, ರಾತ್ರಿ ನಿಧಾನವಾಗಿ ಶಾಖ ಬಿಡುತ್ತದೆ. ಅಂಥ ಮನೆಗೆ ಎಸಿಯನ್ನು ಸಂಜೆಯ ಹೊರೆ ನೋಡಿ ಆರಿಸಬೇಕು.

ಪಶ್ಚಿಮದ ಗಾಜಿನ ಕಿಟಕಿಗೆ ಹೊರಗಡೆಯಿಂದ ನೆರಳು ಕೊಡಿ. ಒಳಗಿನ ಪರದೆ ಬಿಸಿಲನ್ನು ಮನೆಯೊಳಗೆ ಬಿಟ್ಟುಕೊಂಡ ಮೇಲೆ ತಡೆಯುತ್ತದೆ, ಅಷ್ಟರಲ್ಲಿ ಶಾಖ ಒಳಗೆ ಬಂದಾಗಿರುತ್ತದೆ.

ಈ ಅಂದಾಜು ಮಾತುಕತೆ ಆರಂಭಿಸಲು ಮಾತ್ರ. ಆರ್ಡರ್ ಕೊಡುವ ಮುನ್ನ ಗೋಡೆ, ಕಿಟಕಿ, ದಿಕ್ಕು, ಜನರ ಸಂಖ್ಯೆ ಎಲ್ಲ ಹಾಕಿ ಕೋಣೆವಾರು ಶಾಖದ ಲೆಕ್ಕವನ್ನು ಕಾಗದದ ಮೇಲೆ ಕೊಡುವಂತೆ ಕೇಳಿ. ಕೂತ ಒಬ್ಬ ಮನುಷ್ಯನೇ ನೂರು ವ್ಯಾಟ್‌ಗೂ ಹೆಚ್ಚು ಶಾಖ ಬಿಡುತ್ತಾನೆ. ಶ್ರಾವಣದಲ್ಲಿ ಬಂಧುಬಳಗ ಸೇರುವ ಮನೆಗೆ ಇದು ಸಣ್ಣ ಲೆಕ್ಕವಲ್ಲ. ಹಾಗೆಂದು ಬೇಕಾದದ್ದಕ್ಕಿಂತ ಬಹಳ ದೊಡ್ಡ ಯಂತ್ರ ತಂದರೆ ಅದು ಬೇಗ ತಣಿಸಿ ಬೇಗ ನಿಲ್ಲುತ್ತದೆ. ಮಳೆಗಾಲದಲ್ಲಿ ತೇವ ತೆಗೆಯಲು ಅದಕ್ಕೆ ಸಮಯವೇ ಸಿಗದೆ, ಕೋಣೆ ತಣ್ಣಗಿದ್ದರೂ ಹಸಿಹಸಿಯಾಗಿರುತ್ತದೆ.

ಹಂತ 4: ಎಂಥ ವ್ಯವಸ್ಥೆ ಎಂದು ನಿರ್ಧರಿಸಿ

ಮನೆಗೆ ಎರಡು ಬಗೆಯ ಆಯ್ಕೆಗಳಿವೆ. ಡಕ್ಟಬಲ್ ಸ್ಪ್ಲಿಟ್‌ನಲ್ಲಿ ಒಂದು ಇಂಡೋರ್, ಒಂದು ಔಟ್‌ಡೋರ್. ಗಾಳಿಯೇ ಡಕ್ಟ್‌ನಲ್ಲಿ ಕೋಣೆಯಿಂದ ಕೋಣೆಗೆ ಹೋಗುತ್ತದೆ. ವಿಆರ್‌ಎಫ್ ವ್ಯವಸ್ಥೆಯಲ್ಲಿ ಒಂದು ಔಟ್‌ಡೋರ್‌ಗೆ ಹಲವು ಇಂಡೋರ್‌ಗಳು; ಕೋಣೆಗಳಿಗೆ ಶೀತಕದ ತಾಮ್ರದ ಪೈಪ್ ಹೋಗುತ್ತದೆ, ಯಾವ ಕೋಣೆಗೆ ಬೇಕೋ ಅಲ್ಲಿ ಮಾತ್ರ ನಡೆಯುತ್ತದೆ.

ಹಗಲು ಪಡಸಾಲೆ, ರಾತ್ರಿ ಒಂದೆರಡು ಮಲಗುವ ಕೋಣೆ, ಇದು ನಮ್ಮ ಹೆಚ್ಚಿನ ಕುಟುಂಬಗಳ ದಿನಚರಿ. ಅಂಥವರಿಗೆ 5.5 ಟನ್‌ನ ಒಂದೇ ಡಕ್ಟಬಲ್ ಯಂತ್ರ ಹಾಕಿ ರಾತ್ರಿ ಖಾಲಿ ಪಡಸಾಲೆಯನ್ನೂ ತಣಿಸುವುದು ನನಗೆ ಒಪ್ಪಿಗೆಯಿಲ್ಲ. ವಿಆರ್‌ಎಫ್ ಹಾಕಿಸಿ, ಇಲ್ಲವೇ ಪಡಸಾಲೆ–ಅಡುಗೆಮನೆಯ ಕಡೆಗೊಂದು, ಮಲಗುವ ಕೋಣೆಗಳ ಕಡೆಗೊಂದು ಎಂದು ಎರಡು ಸಣ್ಣ ಡಕ್ಟಬಲ್ ಯಂತ್ರ ಹಾಕಿಸಿ. ಒಂದು ಕೆಟ್ಟರೂ ಇನ್ನೊಂದು ಕಡೆ ಮಲಗಬಹುದು, ಮೇ ತಿಂಗಳಲ್ಲಿ ಇದರ ಬೆಲೆ ತಿಳಿಯುತ್ತದೆ.

ಹಳೆಯ ಆರ್-22 ಗ್ಯಾಸಿನ ಯಂತ್ರ ಅಗ್ಗಕ್ಕೆ ಸಿಕ್ಕರೂ ಬೇಡ. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಓಝೋನ್ ಪದರಕ್ಕೆ ಹಾನಿ ಮಾಡುವ ಆ ಶೀತಕ ಬಳಕೆಯಿಂದ ಹೊರಹೋಗುತ್ತಿದೆ.

ಹಂತ 5: ಗಾಳಿ ಹಿಂದಿರುಗುವ ದಾರಿ

ಇಲ್ಲಿ ನಿಧಾನವಾಗಿ ಓದಿ, ಮನೆಯ ನಕ್ಷೆಯನ್ನು ಎದುರಿಗೆ ಇಟ್ಟುಕೊಂಡು ಓದಿದರೆ ಇನ್ನೂ ಒಳ್ಳೆಯದು.

ಒಂದು ಟನ್‌ಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಕಾಯಿಲ್ ಮೇಲೆ ಹಾಯಬೇಕು. ಇದನ್ನು 400 ಸಿಎಫ್‌ಎಂ ಎನ್ನುತ್ತಾರೆ. 5.5 ಟನ್‌ಗೆ 2,200 ಸಿಎಫ್‌ಎಂ. ಕೋಣೆಗಳಿಗೆ ಇಷ್ಟು ಗಾಳಿ ಹೋಗಬೇಕಾದರೆ ಇಷ್ಟೇ ಗಾಳಿ ಯಂತ್ರಕ್ಕೆ ಹಿಂದಿರುಗಬೇಕು. ಹಿಂದಿರುಗದಿದ್ದರೆ ಫ್ಯಾನ್ ಎಷ್ಟು ತಿರುಗಿದರೂ ಕೋಣೆಗೆ ಗಾಳಿ ಇಳಿಯುವುದಿಲ್ಲ.

ಮಲಗುವ ಕೋಣೆಯ ಸೀಲಿಂಗ್‌ನಲ್ಲಿ ತಣ್ಣನೆಯ ಗಾಳಿ ಬರುವ ಚೆಂದದ ಸಪ್ಲೈ ಗ್ರಿಲ್ ಇದೆ, ರಿಟರ್ನ್ ಮಾತ್ರ ಪಡಸಾಲೆಯಲ್ಲಿ ಒಂದೇ ಕಡೆ ಇದೆ ಎಂದುಕೊಳ್ಳಿ. ಬಾಗಿಲು ತೆರೆದಿರುವವರೆಗೆ ಎಲ್ಲವೂ ಸರಿ. ರಾತ್ರಿ ಬಾಗಿಲು ಹಾಕಿದಿರಿ. ಕೋಣೆಗೆ 400 ಸಿಎಫ್‌ಎಂ ಬರಬೇಕು, ಅದು ಹೊರಹೋಗಲು ಉಳಿದದ್ದು ಬಾಗಿಲ ಕೆಳಗಿನ ಸಂದು. ಮೂರು ಅಡಿ ಬಾಗಿಲಿಗೆ ಒಂದು ಇಂಚು ಸಂದು ಎಂದರೆ ಕಾಲು ಚದರ ಅಡಿ. ಅದರಲ್ಲಿ 400 ಸಿಎಫ್‌ಎಂ ದಾಟಬೇಕಾದರೆ ಗಾಳಿ ನಿಮಿಷಕ್ಕೆ 1,600 ಅಡಿ ವೇಗದಲ್ಲಿ ನುಗ್ಗಬೇಕು. ಆ ವೇಗಕ್ಕೆ ಬೇಕಾದ ಒತ್ತಡ ಮನೆಯ ಬ್ಲೋವರ್‌ಗೆ ಸುಲಭವಲ್ಲ. ಕೋಣೆಯಲ್ಲಿ ಒತ್ತಡ ಕಟ್ಟಿಕೊಳ್ಳುತ್ತದೆ, ಸಪ್ಲೈ ಗ್ರಿಲ್‌ನಿಂದ ಬರುವ ಗಾಳಿ ಅರೆಬರೆಯಾಗುತ್ತದೆ. ಅತ್ತ ಪಡಸಾಲೆಯ ರಿಟರ್ನ್ ಮಾತ್ರ ಎಳೆಯುತ್ತಲೇ ಇರುವುದರಿಂದ, ಆ ಕೊರತೆ ತುಂಬಲು ಮುಂಬಾಗಿಲ ಸಂದಿನಿಂದ, ಅಡುಗೆಮನೆಯ ಎಕ್ಸಾಸ್ಟ್ ಕಿಂಡಿಯಿಂದ ಹೊರಗಿನ ಬಿಸಿ ಗಾಳಿ ಒಳನುಗ್ಗುತ್ತದೆ. ಒಂದೇ ತಪ್ಪಿಗೆ ಎರಡು ದಂಡ.

ಪರೀಕ್ಷೆ ಸುಲಭ. ಎಸಿ ಹಚ್ಚಿ ಕೋಣೆಯ ಬಾಗಿಲನ್ನು ಬಹುತೇಕ ಹಾಕಿ, ಒಂದು ಬೆರಳಿನಷ್ಟು ಬಿಡಿ. ಬಾಗಿಲು ತಾನಾಗಿ ಸರಿಯುತ್ತಿದ್ದರೆ, ಅಥವಾ ಸಂದಿನ ಬಳಿ ಹಿಡಿದ ತೆಳು ಕಾಗದ ಜೋರಾಗಿ ಹೊರಕ್ಕೆ ಹಾರುತ್ತಿದ್ದರೆ, ಆ ಕೋಣೆಯ ಗಾಳಿಗೆ ಹಿಂದಿರುಗಲು ದಾರಿ ಸಾಲದು. ಪರಿಹಾರ ಮೂರು ಬಗೆಯದು: ಪ್ರತಿ ಮಲಗುವ ಕೋಣೆಗೂ ಸ್ವಂತ ರಿಟರ್ನ್ ಗ್ರಿಲ್ ಕೊಡುವುದು ಎಲ್ಲಕ್ಕಿಂತ ಉತ್ತಮ. ಆಗದಿದ್ದರೆ ಬಾಗಿಲ ಮೇಲಿನ ಗೋಡೆಯಲ್ಲಿ ಪಡಸಾಲೆಗೆ ತೆರೆಯುವ ಗ್ರಿಲ್ ಕೂರಿಸಬೇಕು. ಅದೂ ಆಗದಿದ್ದರೆ ಬಾಗಿಲಿಗೇ ಅಡ್ಡಪಟ್ಟಿಗಳ ಜಾಲರಿ ಮಾಡಿಸಬೇಕು.

ಗ್ರಿಲ್‌ನ ಅಳತೆಗೆ ನೆನಪಿಡಲು ಸುಲಭವಾದ ಸೂತ್ರವಿದೆ: ಒಂದು ಟನ್‌ಗೆ ಕನಿಷ್ಠ ಒಂದು ಚದರ ಅಡಿ ತೆರೆದ ಜಾಗ. ಜಾಲರಿಯ ಪಟ್ಟಿಗಳು ತಿನ್ನುವ ಜಾಗ ಕಳೆದು ಈ ಲೆಕ್ಕ. ಗ್ರಿಲ್ ಬಳಿ ಶಿಳ್ಳೆಯಂಥ ಸದ್ದು ಬರುತ್ತಿದ್ದರೆ ಜಾಗ ಸಾಲದೆ ಗಾಳಿ ವೇಗವಾಗಿ ನುಗ್ಗುತ್ತಿದೆ ಎಂದರ್ಥ.

ಅಡುಗೆಮನೆಯಲ್ಲೂ ಬಚ್ಚಲಿನಲ್ಲೂ ರಿಟರ್ನ್ ಗ್ರಿಲ್ ಇಡಲೇಬಾರದು. ಒಗ್ಗರಣೆಯ ಹೊಗೆ, ಎಣ್ಣೆಯ ಜಿಡ್ಡು, ರೊಟ್ಟಿ ಬಡಿಯುವಾಗ ಏಳುವ ಜೋಳದ ಹಿಟ್ಟು, ಎಲ್ಲ ನೇರವಾಗಿ ಕಾಯಿಲ್ ಮೇಲೆ ಕೂರುತ್ತದೆ, ವಾಸನೆ ಮನೆಯ ಪ್ರತಿ ಕೋಣೆಗೂ ಹಂಚಿಕೆಯಾಗುತ್ತದೆ.

ಹಂತ 6: ಡಕ್ಟ್ ಮತ್ತು ಪೈಪಿನ ಕೆಲಸವನ್ನು ಕಣ್ಣಾರೆ ನೋಡಿ

ಮನೆಯ ಮುಖ್ಯ ಡಕ್ಟ್‌ನಲ್ಲಿ ಗಾಳಿಯ ವೇಗ ನಿಮಿಷಕ್ಕೆ 900 ಅಡಿಯೊಳಗೆ ಇದ್ದರೆ ಸದ್ದಿರುವುದಿಲ್ಲ. 2,200 ಸಿಎಫ್‌ಎಂಗೆ 30 ಇಂಚು ಅಗಲ, 12 ಇಂಚು ಎತ್ತರದ ಡಕ್ಟ್ ಬೇಕು. ಹೊದಿಕೆ, ತೂಗುಕಂಬಿ ಸೇರಿದರೆ ಸೀಲಿಂಗ್ ಒಂದೂಕಾಲು ಅಡಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ಆದ್ದರಿಂದ ಸೆಂಟ್ರಲ್ ಎಸಿಯ ತೀರ್ಮಾನ ಸ್ಲ್ಯಾಬ್ ಹಾಕುವ ಮೊದಲೇ ಆಗಬೇಕು. ತೊಲೆಯಲ್ಲಿ ಡಕ್ಟ್‌ಗೆ ಕಿಂಡಿ ಬೇಕಾದರೆ ಅದನ್ನು ಇಂಜಿನಿಯರ್ ಆಗಲೇ ನಕ್ಷೆಯಲ್ಲಿ ತೋರಿಸಬೇಕು, ಆಮೇಲೆ ತೊಲೆ ಕೊರೆಯುವುದು ಮನೆಗೇ ಅಪಾಯ.

ಡಕ್ಟ್‌ನ ಜೋಡಣೆಗಳಿಗೆ ಬರಿಯ ಅಲ್ಯೂಮಿನಿಯಂ ಟೇಪ್ ಸಾಲದು, ನಮ್ಮ ಸೆಕೆಗೆ ಅದರ ಅಂಟು ಒಣಗಿ ಕಳಚುತ್ತದೆ. ಒಳಗೆ ಗ್ಯಾಸ್ಕೆಟ್, ಮೇಲೆ ಸೀಲೆಂಟ್ ಇರಲಿ. ಸೀಲಿಂಗ್ ಮುಚ್ಚುವ ಮುನ್ನ ಬ್ಲೋವರ್ ಹಚ್ಚಿಸಿ, ಪ್ರತಿ ಜೋಡಣೆಯ ಸುತ್ತ ಊದುಬತ್ತಿ ಹಿಡಿಯಿರಿ. ಹೊಗೆ ಅಲುಗಾಡಿದ ಕಡೆ ಸೋರಿಕೆ ಇದೆ. ಅರ್ಧ ಗಂಟೆಯ ಈ ಕೆಲಸವನ್ನು ಯಾವ ಕಾರಣಕ್ಕೂ ಬಿಡಬೇಡಿ. ಜಿಪ್ಸಂ ಹಲಗೆ ಬಿದ್ದ ಮೇಲೆ ಯಾರೂ ಅದನ್ನು ಬಿಚ್ಚಲು ಮನಸ್ಸು ಮಾಡುವುದಿಲ್ಲ, ಆ ಸೋರಿಕೆ ಮನೆಯ ಆಯುಷ್ಯಪೂರ್ತಿ ಸೀಲಿಂಗ್ ಮೇಲಿನ ಜಾಗವನ್ನು ತಣಿಸುತ್ತಿರುತ್ತದೆ. ಡಕ್ಟನ್ನು ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಓಡಿಸುವ ಸಲಹೆ ಬಂದರೆ ಒಪ್ಪಬೇಡಿ.

ಪ್ರತಿ ಕವಲಿನಲ್ಲಿ ಗಾಳಿಯ ಪ್ರಮಾಣ ಹೆಚ್ಚು ಕಡಿಮೆ ಮಾಡುವ ಡ್ಯಾಂಪರ್ ಇರಲಿ. ಆದರೆ ಬಳಸದ ಕೋಣೆಗಳ ಡ್ಯಾಂಪರ್‌ಗಳನ್ನೆಲ್ಲ ಮುಚ್ಚಿಬಿಟ್ಟರೆ ಒಟ್ಟು ಗಾಳಿ ಕುಗ್ಗಿ ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ.

ತಾಮ್ರದ ಪೈಪಿನ ವಿಷಯದಲ್ಲಿ ನೋಡಬೇಕಾದದ್ದು ಮೂರು. ಪೈಪು ಬೆಸೆಯುವಾಗ ಒಳಗೆ ನೈಟ್ರೋಜನ್ ಹರಿಸುತ್ತಿರಬೇಕು, ಇಲ್ಲದಿದ್ದರೆ ಒಳಮೈಯಲ್ಲಿ ಕಪ್ಪು ಮಸಿ ಕಟ್ಟಿ ಮುಂದೆ ವಾಲ್ವ್ ಕಟ್ಟಿಕೊಳ್ಳುತ್ತದೆ. ಆಮೇಲೆ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ರಾತ್ರಿಯಿಡೀ ಬಿಟ್ಟು ನೋಡಬೇಕು. ಕೊನೆಗೆ ವ್ಯಾಕ್ಯೂಮ್ ಪಂಪ್ ಹಚ್ಚಿ ಒತ್ತಡವನ್ನು 500 ಮೈಕ್ರಾನ್‌ವರೆಗೆ (ನಿರ್ವಾತ ಅಳೆಯುವ ಮಾನ) ಇಳಿಸಿ, ಪಂಪ್ ನಿಲ್ಲಿಸಿದ ಮೇಲೂ ಮುಳ್ಳು ಏರದಿರುವುದನ್ನು ಕಂಡ ಮೇಲೆಯೇ ಗ್ಯಾಸ್ ಬಿಡಬೇಕು. ಸ್ವಲ್ಪ ಗ್ಯಾಸ್ ಹೊರಬಿಟ್ಟು ಪೈಪಿನ ಗಾಳಿ ತೆಗೆಯುವುದು ವ್ಯಾಕ್ಯೂಮ್‌ಗೆ ಸಮವಲ್ಲ. ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣವುಳ್ಳದ್ದಾದ್ದರಿಂದ ಅದನ್ನು ಹಾಗೆ ಬಿಡುವುದು ಅಪಾಯವೂ ಹೌದು.

ಡ್ರೈನ್ ಪೈಪಿಗೆ ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರು ಬೇಕು, ಯಂತ್ರದ ಬಳಿ ಯು ಆಕಾರದ ಬಾಗು ಬೇಕು. ಫ್ಯಾನ್ ಗಾಳಿಯನ್ನು ಎಳೆಯುವ ರಭಸಕ್ಕೆ, ಬಾಗು ಇಲ್ಲದ ಪೈಪಿನಲ್ಲಿ ನೀರು ಹೊರಹೋಗದೆ ಟ್ರೇನಲ್ಲೇ ನಿಂತು ಸೀಲಿಂಗ್ ಮೇಲೆ ಸುರಿಯುತ್ತದೆ. ಬೇಸಿಗೆಯಲ್ಲಿ ಹಾಕಿಸಿದ ಮನೆಯವರಿಗೆ ಈ ದೋಷ ಜುಲೈವರೆಗೆ ಕಾಣುವುದೇ ಇಲ್ಲ. ಹಾಕಿಸಿದ ದಿನವೇ ಟ್ರೇಗೆ ಎರಡು ತಂಬಿಗೆ ನೀರು ಸುರಿಸಿ, ಅದು ಹೊರಗೆ ಬೀಳುವುದನ್ನು ನೋಡಿ.

ಹಂತ 7: ಔಟ್‌ಡೋರ್ ಯಂತ್ರದ ಜಾಗ

ಉತ್ತರ ಅಥವಾ ಪೂರ್ವದ ಬದಿ, ನೆರಳು, ಸುತ್ತ ಧಾರಾಳ ಜಾಗ. ಅದು ಉಗುಳಿದ ಬಿಸಿ ಗಾಳಿ ಮತ್ತೆ ಅದರೊಳಗೇ ಸೇರಬಾರದು. ಕಳ್ಳರ ಭಯಕ್ಕೆ, ಮಂಗಗಳ ಕಾಟಕ್ಕೆ ಕಬ್ಬಿಣದ ಜಾಲರಿ ಹಾಕಿಸುವುದು ಸರಿ, ತಗಡು ಹೊದಿಸುವುದು ತಪ್ಪು. ನೆರಳಿಗೆ ಚಪ್ಪರ ಹಾಕಿದರೆ ಬಿಸಿ ಗಾಳಿ ಹೊರಡುವ ಕಡೆ ತೆರೆದಿರಲಿ. ವಾಡಿ, ಸೇಡಂ, ಮಳಖೇಡದಂಥ ಸಿಮೆಂಟ್ ಕಾರ್ಖಾನೆಗಳ ಊರುಗಳಲ್ಲಿ, ಕರಿಮಣ್ಣಿನ ಹೊಲದ ಅಂಚಿನ ಬಡಾವಣೆಗಳಲ್ಲಿ ಕಾಯಿಲ್ ಬೇಗ ಧೂಳು ಕಟ್ಟುತ್ತದೆ. ಯಂತ್ರ ನಿಲ್ಲಿಸಿ, ಮೇನ್ ಆಫ್ ಮಾಡಿ, ಪೈಪಿನ ನೀರನ್ನು ಮೆಲ್ಲಗೆ ಬಿಟ್ಟು ತೊಳೆಯಬಹುದು. ತಂಪಾಗಲೆಂದು ದಿನವಿಡೀ ಬೋರ್‌ವೆಲ್ ನೀರು ಚಿಮುಕಿಸುವವರಿದ್ದಾರೆ. ಸುಣ್ಣದಕಲ್ಲಿನ ನೆಲದ ಗಡಸು ನೀರು ಒಣಗಿ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ, ಶಾಖ ಹೊರಹೋಗುವುದೇ ನಿಲ್ಲುತ್ತದೆ.

ಹಂತ 8: ವಿದ್ಯುತ್

5.5 ಟನ್ ಯಂತ್ರ ಪೂರ್ಣ ಹೊರೆಯಲ್ಲಿ 6 ಕಿಲೋವ್ಯಾಟ್‌ಗೂ ಹೆಚ್ಚು ಎಳೆಯುತ್ತದೆ, ಬಿಸಿಲು ಏರಿದ ಹಾಗೆ ಇನ್ನೂ ಹೆಚ್ಚು. ಜೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿ, ತ್ರೀ ಫೇಸ್ ಸಂಪರ್ಕ ಪಡೆದ ಮೇಲೆಯೇ ಯಂತ್ರ ತರಿಸಿ. ಎಸಿಗೆ ಪ್ರತ್ಯೇಕ ಕೇಬಲ್, ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಬೇಸಿಗೆಯ ರಾತ್ರಿ ಎಲ್ಲರ ಎಸಿಯೂ ಒಟ್ಟಿಗೆ ನಡೆದು ವೋಲ್ಟೇಜ್ ಬೀಳುವ ಓಣಿಗಳಲ್ಲಿ ಕಂಪ್ರೆಸರ್ ಮೋಟಾರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಅಲ್ಲಿ ಸ್ಟೆಬಿಲೈಸರ್ ಅಥವಾ ವೋಲ್ಟೇಜ್ ಬಿದ್ದಾಗ ಸಂಪರ್ಕ ಕಡಿಯುವ ರಿಲೇ ಇರಬೇಕು. ಕರೆಂಟ್ ಹೋಗಿ ಬಂದ ಮೇಲೆ ಕಂಪ್ರೆಸರ್ ಮೂರು ನಿಮಿಷ ತಡೆದು ಶುರುವಾಗುವುದು ದೋಷವಲ್ಲ. ಎರಡೂ ಕಡೆಯ ಒತ್ತಡ ಸಮವಾಗಲು ಅಷ್ಟು ಹೊತ್ತು ಬೇಕು.

ಹಂತ 9: ದಿನನಿತ್ಯ ನಡೆಸುವುದು

ಥರ್ಮೋಸ್ಟಾಟ್ 26ಕ್ಕೆ ಇಟ್ಟು ಸೀಲಿಂಗ್ ಫ್ಯಾನ್ ಮೆಲ್ಲಗೆ ತಿರುಗಿಸಿ. 24ರಷ್ಟು ಹಿತವೆನಿಸುತ್ತದೆ. 2020ರಿಂದ ಸ್ಟಾರ್ ಗುರುತಿನ ಕೋಣೆ ಎಸಿಗಳು ಹಚ್ಚಿದ ಕೂಡಲೇ 24 ಡಿಗ್ರಿಗೆ ನಿಲ್ಲಬೇಕೆಂಬ ನಿಯಮ ಬಂದದ್ದೂ ವಿದ್ಯುತ್ ಉಳಿಸಲೆಂದೇ. ಸಾಮಾನ್ಯ ಕಂಪ್ರೆಸರ್‌ನ ಯಂತ್ರದಲ್ಲಿ 18ಕ್ಕೆ ಇಟ್ಟರೆ ಬೇಗ ತಣ್ಣಗಾಗುವುದಿಲ್ಲ, ಹೆಚ್ಚು ಹೊತ್ತು ನಡೆಯುತ್ತದೆ ಅಷ್ಟೆ. ಬೆಳಿಗ್ಗೆ ಹತ್ತರೊಳಗೆ ಕಿಟಕಿ ಮುಚ್ಚಿ, ಬಿಸಿಲು ಏರುವ ಮುನ್ನವೇ ಎಸಿ ಹಚ್ಚಿ. ಸಂಜೆ ಐದಕ್ಕೆ ಕಾದ ಗೋಡೆ, ಕಾದ ಪಲ್ಲಂಗ, ಕಾದ ಹಾಸಿಗೆಗಳನ್ನು ತಣಿಸಲು ಹೊರಟ ಯಂತ್ರ ರಾತ್ರಿಯವರೆಗೂ ದಮ್ಮು ಕಟ್ಟಿ ಓಡುತ್ತದೆ.

ಒಳಗಿನ ಗಾಳಿಯೇ ಸುತ್ತುತ್ತಿರುವುದರಿಂದ ಬೆಳಗಿನ ಜಾವ ಕಿಟಕಿಗಳನ್ನು ಸ್ವಲ್ಪ ಹೊತ್ತು ತೆರೆಯಿರಿ.

ಹಂತ 10: ಆರೈಕೆ ಮತ್ತು ದೋಷ ಗುರುತಿಸುವುದು

ಫಿಲ್ಟರನ್ನು ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ಯುಗಾದಿಯ ಮುನ್ನ ಒಮ್ಮೆ ಎರಡೂ ಕಾಯಿಲ್ ಸ್ವಚ್ಛ ಮಾಡಿಸಿ, ಮಳೆಗಾಲದ ಮುನ್ನ ಡ್ರೈನ್‌ಗೆ ಮತ್ತೆ ನೀರು ಸುರಿದು ನೋಡಿ.

ತಂಪು ಕಡಿಮೆಯಾದರೆ ಫೋನ್ ಎತ್ತುವ ಮೊದಲು ಒಂದು ಸಾದಾ ಥರ್ಮಾಮೀಟರ್ ತೆಗೆದುಕೊಳ್ಳಿ. ಯಂತ್ರ ಹದಿನೈದು–ಇಪ್ಪತ್ತು ನಿಮಿಷ ನಡೆದ ಮೇಲೆ ರಿಟರ್ನ್ ಗ್ರಿಲ್ ಬಳಿ, ಆಮೇಲೆ ಯಂತ್ರಕ್ಕೆ ಹತ್ತಿರದ ಸಪ್ಲೈ ಗ್ರಿಲ್ ಬಳಿ ಅಳೆಯಿರಿ. ಗಾಳಿ ಸೊರಗಿದೆ, ಆದರೆ ವ್ಯತ್ಯಾಸ 13–14 ಡಿಗ್ರಿ ಇದೆ ಎಂದರೆ ಫಿಲ್ಟರ್, ಕಾಯಿಲ್, ಬ್ಲೋವರ್ ಅಥವಾ ರಿಟರ್ನ್ ದಾರಿಯಲ್ಲಿ ತಡೆ ಇದೆ. ಗಾಳಿ ಜೋರಾಗಿಯೇ ಇದೆ, ವ್ಯತ್ಯಾಸ ಮಾತ್ರ 4–5 ಡಿಗ್ರಿ ಎಂದರೆ ಗ್ಯಾಸ್ ಸೋರಿಕೆ, ಔಟ್‌ಡೋರ್ ಕಾಯಿಲ್‌ನ ಧೂಳು ಅಥವಾ ಕಂಪ್ರೆಸರ್ ಕಡೆ ನೋಡಬೇಕು. ವ್ಯತ್ಯಾಸ ಸರಿಯಾಗಿದೆ, ಗಾಳಿಯೂ ಸರಿಯಾಗಿದೆ, ದೂರದ ಒಂದು ಕೋಣೆ ಮಾತ್ರ ತಣಿಯುವುದಿಲ್ಲ ಎಂದರೆ ಐದನೇ ಹಂತಕ್ಕೆ ಹಿಂದಿರುಗಿ.

ದಪ್ಪ ಪೈಪಿನ ಮೇಲೆ ಅಥವಾ ಕಾಯಿಲ್ ಮೇಲೆ ಮಂಜು ಕಟ್ಟಿದ್ದರೆ ಎಸಿ ನಿಲ್ಲಿಸಿ, ಬರಿಯ ಫ್ಯಾನ್ ಮೋಡ್‌ನಲ್ಲಿ ಕೆಲವು ಗಂಟೆ ಬಿಟ್ಟು ಕರಗಿಸಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಕಾಯಿಲ್ ತೂತಾಗುತ್ತದೆ.

“ಸರ್, ಗ್ಯಾಸ್ ಖಾಲಿಯಾಗಿದೆ, ಈ ವರ್ಷ ತುಂಬಿಸಿಬಿಡಿ” ಎಂದು ಯಾರಾದರೂ ಹೇಳಿದರೆ ಸೋರಿಕೆ ಎಲ್ಲಿದೆ ಎಂದು ಮೊದಲು ಕೇಳಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ವರ್ಷಾನುಗಟ್ಟಲೆ ಅದೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಿದೆ. ತೂತು ಹುಡುಕಿ, ಬೆಸೆದು, ವ್ಯಾಕ್ಯೂಮ್ ಮಾಡಿ, ಯಂತ್ರದ ಫಲಕದಲ್ಲಿ ಬರೆದಷ್ಟು ತೂಕವನ್ನು ತೂಗಿ ತುಂಬಿದರೆ ಮಾತ್ರ ಅದು ದುರಸ್ತಿ.

ರಿಪೇರಿಗೆ ಕರೆಯುವಾಗ ಐದು ಸಂಗತಿ ಬರೆದಿಟ್ಟುಕೊಳ್ಳಿ: ರಿಟರ್ನ್ ಗಾಳಿಯ ಉಷ್ಣಾಂಶ, ಸಪ್ಲೈ ಗಾಳಿಯ ಉಷ್ಣಾಂಶ, ಹೊರಗಿನ ಉಷ್ಣಾಂಶ, ಪೈಪಿನ ಮೇಲೆ ಮಂಜು ಇದೆಯೇ ಇಲ್ಲವೇ, ಔಟ್‌ಡೋರ್ ಫ್ಯಾನ್ ತಿರುಗುತ್ತಿದೆಯೇ ಇಲ್ಲವೇ. ಫೋನಿನಲ್ಲೇ ಇಷ್ಟು ಹೇಳಿದರೆ ಬಲ್ಲ ಫಿಟ್ಟರ್ ಕೆಪಾಸಿಟರ್ ಬೇಕೋ, ನೈಟ್ರೋಜನ್ ಸಿಲಿಂಡರ್ ಬೇಕೋ ಎಂದು ಅಂದಾಜಿಸಿ, ಬೇಕಾದ ಸಾಮಾನು ಹಿಡಿದೇ ಬರುತ್ತಾನೆ.